ಮರಳು ತೆಗೆದದ್ದು ಅಲ್ಲಿ, ಬರೆ ಬಿದ್ದದ್ದು ನಮ್ಮ ತೋಟದಲ್ಲಿ: ಯಾಕೆ ಹೀಗೆ?

ಓದುಗರ ಪ್ರಶ್ನೆ:

"ಕೊಡಗಿನ ಸಿದ್ದಾಪುರದಿಂದ ಕೆಳಗಡೆ, ಕಾವೇರಿ ಹೊಳೆ ಬದಿಯಲ್ಲಿ ನಮ್ಮದು ನಾಲ್ಕು ಎಕರೆ ಕಾಫಿ ತೋಟ. 2019ರ ಪ್ರವಾಹ ಬಂದಾಗಿನಿಂದ ವರ್ಷ ವರ್ಷವೂ ಹೊಳೆ ಕಡೆಯ ಬರೆ (ಕಡಿದಾದ ಮಣ್ಣಿನ ದಡ) ಕುಸಿಯುತ್ತಿದೆ. ಇಲ್ಲಿಯವರೆಗೆ ಸುಮಾರು 20 ಅಡಿ ಜಾಗ ಹೋಗಿದೆ. ಎರಡು ಸಾಲು ಕಾಫಿ ಗಿಡ, ಒಂದು ಹಳೆಯ ಹೊಳೆಮತ್ತಿ ಮರ ನೀರುಪಾಲಾಯಿತು. ನಮ್ಮ ತೋಟದ ಎದುರು ಯಾರೂ ಮರಳು ತೆಗೆಯುವುದಿಲ್ಲ. ಅರ್ಧ ಕಿಲೋಮೀಟರ್ ಕೆಳಗಡೆ ರಾತ್ರಿ ತೆಪ್ಪ ಇಳಿಸಿ ಮರಳು ಎತ್ತುತ್ತಾರೆ. ಬೆಳಗಾಗುವ ಮೊದಲು ಪಿಕಪ್‌ನಲ್ಲಿ ಸಾಗಿಸುತ್ತಾರೆ. ನಮ್ಮ ಬಾವಿಯಲ್ಲಿ ಈಗ ಮಾರ್ಚ್‌ನಲ್ಲೇ ತಳ ಕಾಣುತ್ತದೆ, ಮೊದಲು ಹಾಗಿರಲಿಲ್ಲ. ಊರಿನ ಸೇತುವೆಯ ಕಂಬದ ಬುಡವೂ ಹೊರಗೆ ಬಂದಿದೆ. ಕೇಳಿದರೆ, 'ಹೊಳೆ ಮರಳು ಪ್ರತಿ ಮಳೆಗೂ ಬರುತ್ತೆ, ತೆಗೆದರೆ ಪ್ರವಾಹ ಕಡಿಮೆ ಆಗುತ್ತೆ, ಒಳ್ಳೆಯದೇ ಅಲ್ವಾ' ಎನ್ನುತ್ತಾರೆ. ಇದು ನಿಜವೇ? ಕಲ್ಲಿನ ತಡೆಗೋಡೆ ಕಟ್ಟಿಸಬೇಕೆಂದಿದ್ದೇನೆ, ಅದು ನಿಲ್ಲುತ್ತದೆಯೇ? ದೂರು ಕೊಡೋಣ ಎಂದರೆ ಪಿಕಪ್ ಓಡಿಸುವವನು ಪಕ್ಕದ ಮನೆಯ ಹುಡುಗ. ಮುಂದಿನ ವರ್ಷ ಮನೆ ಕಟ್ಟುವ ಯೋಚನೆಯೂ ಇದೆ, ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ನಂಬಬಹುದೇ? ಬರೆಯ ಅಂಚಿನಿಂದ 40 ಅಡಿ ದೂರದಲ್ಲಿ ನಮ್ಮ ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ) ಇದೆ. ಎರಡು ಕುಟುಂಬ ವಾಸವಿದೆ. ರಾತ್ರಿ ಮಳೆ ಜೋರಾದರೆ ನಿದ್ದೆ ಬರುವುದಿಲ್ಲ."

ತಜ್ಞರ ಉತ್ತರ:

ಮೊದಲು ಲೈನ್ ಮನೆಯ ವಿಷಯ. ಮಿಕ್ಕಿದ್ದೆಲ್ಲ ಆಮೇಲೆ.

ನಾಳೆಯೇ ಬರೆಯ ಅಂಚಿನಿಂದ ಮನೆಯ ಕಡೆಗೆ ನೆಲ ನೋಡುತ್ತಾ ನಡೆಯಿರಿ. ತರಗೆಲೆ ಸರಿಸಿ ನೋಡಿ. ಹೊಳೆಗೆ ಸಮಾನಾಂತರವಾಗಿ ಉದ್ದಕ್ಕೆ ಬಿರುಕು ಇದೆಯಾ? ಕೂದಲೆಳೆಯಷ್ಟು ಇದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಿರುಕಿನ ಆಚೆ ಒಂದು ಗೂಟ, ಈಚೆ ಒಂದು ಗೂಟ ಹೊಡೆದು, ನಡುವಿನ ಅಂತರ ಟೇಪಿನಲ್ಲಿ ಅಳೆದು ಬರೆದಿಡಿ. ವಾರಕ್ಕೊಮ್ಮೆ ಅಳೆಯಿರಿ. ಅಂತರ ಹೆಚ್ಚುತ್ತಿದ್ದರೆ ಮಳೆ ಹಿಡಿಯುವ ಮೊದಲೇ ಆ ಎರಡು ಕುಟುಂಬಗಳನ್ನು ಬೇರೆ ಕಡೆ ಇರಿಸಿ. ಬಿರುಕು ಇಲ್ಲದಿದ್ದರೂ ನಾನು ಪಾಲಿಸುವ ಒಂದು ಲೆಕ್ಕ ಹೇಳುತ್ತೇನೆ. ಬರೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದೊಳಗೆ ಮನೆ ಇದ್ದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಯಾರನ್ನೂ ಮಲಗಲು ಬಿಡುವುದಿಲ್ಲ. ನಿಮ್ಮ ಬರೆ 20 ಅಡಿ ಎತ್ತರ ಇದ್ದರೆ ಆ ಮನೆ ಸರಿಯಾಗಿ ಗಡಿಯ ಮೇಲಿದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಮರಳು ತೆಗೆದ ಗುಂಡಿ ಅರ್ಧ ಕಿಲೋಮೀಟರ್ ಕೆಳಗಡೆ, ಬರೆ ಬೀಳುವುದು ಮೇಲ್ಗಡೆ ಇರುವ ನಿಮ್ಮ ತೋಟದಲ್ಲಿ. ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ಊರಿನವರು ಕೇಳಿರುತ್ತಾರೆ. ಹೊಳೆ ದಡ ಮತ್ತು ಸೇತುವೆ ಕೆಲಸದಲ್ಲೇ ವೃತ್ತಿ ಕಳೆದವನು ನಾನು. ಜನರಿಗೆ ಮನವರಿಕೆ ಮಾಡಿಸಲು ಅತಿ ಕಷ್ಟ ಆಗುವ ಮಾತು ಇದೇ. ಹೊಳೆಯಲ್ಲಿ ತೋಡಿದ ಗುಂಡಿ ತೋಡಿದ ಜಾಗದಲ್ಲೇ ಉಳಿಯುವುದಿಲ್ಲ. ಅದು ಮೇಲಕ್ಕೂ ಹೋಗುತ್ತದೆ, ಕೆಳಕ್ಕೂ ಹೋಗುತ್ತದೆ.

ಗುಂಡಿಯ ಮೇಲ್ಗಡೆಯ ಅಂಚನ್ನು ಕಣ್ಣಮುಂದೆ ತಂದುಕೊಳ್ಳಿ. ಸಮನಾಗಿ ಹರಿಯುತ್ತಿದ್ದ ನೀರು ಅಲ್ಲಿ ದಿಢೀರನೆ ತಗ್ಗಿಗೆ ಇಳಿಯುತ್ತದೆ. ಇಳಿಜಾರು ಜಾಸ್ತಿ ಆದ ಕಡೆ ನೀರಿನ ಓಟ ಜಾಸ್ತಿ. ಓಟ ಜಾಸ್ತಿ ಆದ ಕಡೆ ಮರಳು ಕಿತ್ತು ಬರುತ್ತದೆ. ಅಂಚು ಕುಸಿದು ಗುಂಡಿಗೆ ಬೀಳುತ್ತದೆ, ಹೊಸ ಅಂಚು ಒಂದಿಷ್ಟು ಮೇಲಕ್ಕೆ ಸರಿಯುತ್ತದೆ. ಅದೂ ಕುಸಿಯುತ್ತದೆ. ಹೀಗೆ ಮಳೆಗಾಲದಿಂದ ಮಳೆಗಾಲಕ್ಕೆ ಹೊಳೆಯ ತಳವೇ ಮೇಲ್ಮೇಲಕ್ಕೆ ಕೊರೆದುಕೊಂಡು ಬರುತ್ತದೆ. ಕೊನೆಗೆ ನಿಮ್ಮ ತೋಟದ ಎದುರೂ ತಳ ಎರಡು ಮೂರು ಅಡಿ ಇಳಿದಿರುತ್ತದೆ. ಅಲ್ಲಿ ಒಂದು ಬುಟ್ಟಿ ಮರಳನ್ನೂ ಯಾರೂ ಎತ್ತಿರುವುದಿಲ್ಲ.

ಗುಂಡಿಯ ಕೆಳಗಡೆ ನಡೆಯುವುದು ಬೇರೆ ಥರ. ಮೇಲಿಂದ ಬಂದ ಮರಳೆಲ್ಲ ಗುಂಡಿಯಲ್ಲಿ ಕೂತುಬಿಡುತ್ತದೆ. ಮುಂದಕ್ಕೆ ಹೋಗುವ ನೀರಿನಲ್ಲಿ ಮರಳೇ ಇರುವುದಿಲ್ಲ. ಮರಳು ಹೊರುವ ಶಕ್ತಿ ಮಾತ್ರ ಹಾಗೇ ಇರುತ್ತದೆ. ಆ ಶಕ್ತಿಗೆ ಸಿಕ್ಕಿದ್ದು ಕೆಳಗಿನವರ ದಡ. ಅಂದರೆ ಕೆಳಗಡೆಯ ತೋಟದವರೂ ನಿಮ್ಮ ಹಾಗೇ ಯೋಚಿಸುತ್ತಿರಬಹುದು. ಅವರನ್ನು ಒಮ್ಮೆ ಮಾತನಾಡಿಸಿ, ಮುಂದೆ ದೂರಿನ ವಿಷಯದಲ್ಲಿ ಇದು ಉಪಯೋಗಕ್ಕೆ ಬರುತ್ತದೆ.

ಇನ್ನು ಬರೆ ಬೀಳುವ ಬಗೆ. ಬೇಸಿಗೆಯಲ್ಲಿ ನೀರು ಇಳಿದಾಗ ಹೊಳೆಗೆ ಇಳಿದು ನಿಮ್ಮ ಬರೆಯನ್ನು ಎದುರಿನಿಂದ ನೋಡಿ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಹೀಗೆ: ಮೇಲೆ ಒಂದೆರಡು ಅಡಿ ಕಪ್ಪು ಮಣ್ಣು, ಅದರಿಂದ ಜೋತುಬಿದ್ದ ಕಾಫಿ ಬೇರು. ಅದರ ಕೆಳಗೆ ಕೆಂಪು ಮಣ್ಣು, ಕತ್ತಿಯಲ್ಲಿ ಕೊಯ್ದ ಹಾಗೆ ನೆಟ್ಟಗೆ ನಿಂತಿರುತ್ತದೆ. ಅದರ ಕೆಳಗೆ ಹೊಳೆ ಹಿಂದೆಂದೋ ಬಿಟ್ಟುಹೋದ ಮರಳಿನ ಪದರ, ಬೆರಳು ಇಟ್ಟರೆ ಉದುರುತ್ತದೆ. ಹೊಳೆಯ ತಳ ಮೊದಲಿನ ಮಟ್ಟದಲ್ಲಿದ್ದಾಗ ಈ ಮರಳು ಪದರ ತಳದ ಮರಳಿನ ಕೆಳಗೆ ಹುದುಗಿರುತ್ತದೆ. ತಳ ಇಳಿದರೆ ಅದು ಬಯಲಿಗೆ ಬರುತ್ತದೆ. ನೀರು ಅದನ್ನು ಮೆಲ್ಲಗೆ ತೊಳೆದು ತೆಗೆಯುತ್ತದೆ. ಮೇಲಿನ ಕೆಂಪು ಮಣ್ಣು ಕೆಳಗೆ ಆಧಾರವಿಲ್ಲದೆ ಚಾಚಿ ನಿಲ್ಲುತ್ತದೆ.

ಆಮೇಲೆ ಬರುವುದು ಜುಲೈ-ಆಗಸ್ಟ್ ಮಳೆ. ಹೊಳೆ ತುಂಬಿದಾಗ ಬರೆಯ ಒಳಗೂ ನೀರು ತುಂಬುತ್ತದೆ. ಆಗ ಹೊರಗಿನ ನೀರೇ ಬರೆಯನ್ನು ಒತ್ತಿ ಹಿಡಿದಿರುತ್ತದೆ. ಮಳೆ ನಿಂತು ಹೊಳೆ ಸರ್ರನೆ ಇಳಿದಾಗ ಹೊರಗಿನ ಒತ್ತು ಹೋಯಿತು, ಒಳಗಿನ ಭಾರ ಹಾಗೇ ಉಳಿಯಿತು. ಬರೆ ಬೀಳುವುದು ಆಗ. "ಪ್ರವಾಹ ಬಂದಾಗ ಏನೂ ಆಗಲಿಲ್ಲ, ಬಿಸಿಲು ಬಂದ ಮೇಲೆ ಕುಸಿಯಿತು" ಎಂದು ಹೊಳೆಬದಿಯವರು ಹೇಳುವುದನ್ನು ನೀವೂ ಕೇಳಿರಬಹುದು. ಕಾರಣ ಇದೇ. ಹಾಗಾಗಿ ಮಳೆ ಬಿಟ್ಟಿತು ಎಂದು ಲೈನ್ ಮನೆಯವರನ್ನು ತಕ್ಷಣ ವಾಪಸ್ ಕರೆಯಬೇಡಿ. ನಾಲ್ಕೈದು ದಿನ ತಡೆಯಿರಿ.

ಇಷ್ಟು ಹೇಳಿದರೂ, ನಿಮ್ಮ ಬರೆ ಬಿದ್ದದ್ದು ಮರಳು ತೆಗೆದದ್ದರಿಂದಲೇ ಎಂದು ಪತ್ರ ನೋಡಿ ಬರೆದುಕೊಡಲು ನಾನು ಸಿದ್ಧನಿಲ್ಲ. ಒಂದು ವಿಷಯ ನೀವೇ ನೋಡಿ ತಿಳಿದುಕೊಳ್ಳಬೇಕು. ನಿಮ್ಮ ತೋಟಕ್ಕೂ ಆ ಗುಂಡಿಗೂ ನಡುವೆ ಹೊಳೆಗೆ ಅಡ್ಡಲಾಗಿ ಬಂಡೆ ಸಾಲು ಇದೆಯಾ? ಕೊಡಗಿನಲ್ಲಿ ಕಾವೇರಿ ಎಷ್ಟೋ ಕಡೆ ಬಂಡೆಯ ಮೇಲೇ ಹರಿಯುತ್ತದೆ. ದುಬಾರೆಯ ಹತ್ತಿರ ನೋಡಿದ್ದೀರಲ್ಲ, ಆ ಥರ. ದಡದಿಂದ ದಡಕ್ಕೆ ಬಂಡೆ ಇದ್ದರೆ ಕೊರೆತ ಅಲ್ಲಿಗೇ ನಿಲ್ಲುತ್ತದೆ, ಮೇಲಕ್ಕೆ ಹತ್ತಲಾರದು. ಹಾಗಿದ್ದರೆ ಬೇರೆ ಕಾರಣ ಹುಡುಕಬೇಕು. ತೋಟ ಹೊಳೆಯ ತಿರುವಿನ ಹೊರಬದಿಯಲ್ಲಿದೆಯಾ? ತಿರುವಿನ ಹೊರಬದಿಯ ದಡವನ್ನು ಹೊಳೆ ಯಾವಾಗಲೂ ಕೊರೆಯುತ್ತದೆ. ತೋಟದ ಚರಂಡಿ ನೀರು ಬರೆಯ ನೆತ್ತಿಯಿಂದಲೇ ಹೊಳೆಗೆ ಬೀಳುತ್ತಿದೆಯಾ? ಅದೊಂದೇ ಸಾಕು ಬರೆ ಬೀಳಿಸಲು. ಅಂಚಿನಲ್ಲಿದ್ದ ಬಿದಿರು, ಕಾಡುಮರ ಕಡಿದು ಕೊನೆಯವರೆಗೂ ಕಾಫಿ ಹಾಕಿದ್ದೀರಾ? ಬಂಡೆ ಸಾಲು ಇಲ್ಲದೆ, ನಡುವೆ ಬರೀ ಮರಳಿನ ತಳ ಇದ್ದರೆ ಮಾತ್ರ ನನ್ನ ಮೊದಲ ಅನುಮಾನ ಆ ಗುಂಡಿಯ ಮೇಲೆಯೇ.

ಈಗ ಊರಿನಲ್ಲಿ ಹೇಳುವ ಮಾತುಗಳಿಗೆ ಬರೋಣ.

"ಹೊಳೆ ಮರಳು ಪ್ರತಿ ಮಳೆಗೂ ಬರುತ್ತದೆ." ಬರುವುದು ನಿಜ. ಆದರೆ ತೆಗೆದಷ್ಟು ಬರುತ್ತದೆ ಎನ್ನುವುದಕ್ಕೆ ಆಧಾರ ಬೇಕಲ್ವಾ? ಒರಟು ಮರಳು ಎಂದರೆ ಬೆಟ್ಟದ ಕಲ್ಲು ಸವೆದು, ಮಣ್ಣೆಲ್ಲ ತೊಳೆದುಹೋಗಿ ಉಳಿದ ಗಟ್ಟಿ ಕಾಳು. ಅದು ತಯಾರಾಗಲು ಬಹಳ ಬಹಳ ಕಾಲ ಬೇಕು. ನಮ್ಮ ಗುಡ್ಡದಿಂದ ಮಳೆಗೆ ಬರುವುದರಲ್ಲಿ ಬಹುಪಾಲು ಕೆಂಪು ಮಣ್ಣಿನ ರಾಡಿ. ಅದು ತೇಲಿಕೊಂಡು ಕೆಳಗಿನ ಅಣೆಕಟ್ಟುಗಳಿಗೆ ಹೋಗುತ್ತದೆ. ಮನೆ ಕಟ್ಟಲು ಬರುವ ಮರಳು ಅದರಲ್ಲಿ ಸ್ವಲ್ಪವೇ. ಇದಕ್ಕೇ ನಿಯಮದಲ್ಲಿ ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತಳ ಅಳೆದು, ಎಷ್ಟು ಮರಳು ಬಂತು ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ತೆಗೆಯಲು ಹೇಳಿರುವುದು. ರಾತ್ರಿ ತೆಗೆಯುವವರು ಯಾವ ತಳವನ್ನೂ ಅಳೆದಿರುವುದಿಲ್ಲ.

"2018ರಲ್ಲಿ ಗುಡ್ಡವೇ ಇಳಿದು ಬಂತಲ್ಲ, ಮರಳಿಗೇನು ಬರ" ಎನ್ನುವವರೂ ಇದ್ದಾರೆ. ಆ ವರ್ಷ ಗುಡ್ಡ ಜರಿದ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ ಕಡೆಯ ನೀರು ಹೋಗುವುದು ಹಾರಂಗಿಗೆ. ಆ ಮಣ್ಣು ಮರಳು ಹಾರಂಗಿ ಅಣೆಕಟ್ಟೆಯ ಹಿಂದೆ ಕೂತಿತು, ದಾರಿಯ ಗದ್ದೆಗಳಲ್ಲಿ ಕೂತಿತು. ಹಾರಂಗಿ ಬಂದು ಕಾವೇರಿಗೆ ಸೇರುವುದೇ ಕೂಡಿಗೆಯಲ್ಲಿ, ಕುಶಾಲನಗರದಿಂದಲೂ ಕೆಳಗೆ. ಸಿದ್ದಾಪುರದ ಕಡೆಯ ನಿಮ್ಮ ಹೊಳೆಗೆ ಆ ಮರಳು ಬರುವ ದಾರಿಯೇ ಇಲ್ಲ.

"ಮರಳು ತೆಗೆದರೆ ಪ್ರವಾಹ ಕಡಿಮೆ ಆಗುತ್ತದೆ." ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯಲ್ಲಿ 2019ರಲ್ಲಿ ಮನೆ ಕಳೆದುಕೊಂಡವರನ್ನು ನೋಡಿದವರಿಗೆ ಈ ಮಾತು ಎಷ್ಟು ಬೇಗ ಹಿಡಿಸುತ್ತದೆ ಎಂದು ನನಗೆ ಗೊತ್ತು. ಅವರ ಭಯ ಸುಳ್ಳಲ್ಲ. ಆದ್ದರಿಂದಲೇ ಇದನ್ನು ಲೆಕ್ಕ ಹಾಕಿ ನೋಡೋಣ. 50 ಮೀಟರ್ ಉದ್ದ, 20 ಮೀಟರ್ ಅಗಲ, 2 ಮೀಟರ್ ಆಳದ ದೊಡ್ಡ ಗುಂಡಿ ತೋಡಿದರು ಎಂದುಕೊಳ್ಳಿ. ಅದರಲ್ಲಿ ಹಿಡಿಯುವ ನೀರು 2,000 ಘನ ಮೀಟರ್. ತುಂಬಿದ ಹೊಳೆಯಲ್ಲಿ ಸೆಕೆಂಡಿಗೆ 1,000 ಘನ ಮೀಟರ್, ಅಂದರೆ ಸುಮಾರು 35,000 ಕ್ಯೂಸೆಕ್ ನೀರು ಹರಿಯುತ್ತಿದೆ ಎಂದಿಟ್ಟುಕೊಂಡರೆ, ಆ ಗುಂಡಿ ತುಂಬಲು ಎರಡು ಸೆಕೆಂಡು ಸಾಕು. ಅದೂ ಗುಂಡಿ ಖಾಲಿ ಇದ್ದರೆ. ಜೂನ್‌ನಲ್ಲೇ ಅದು ತುಂಬಿರುತ್ತದೆ. ತುಂಬಿದ ಗುಂಡಿ ಪ್ರವಾಹದ ಒಂದು ಹನಿಯನ್ನೂ ಹಿಡಿಯುವುದಿಲ್ಲ.

ಹೊಳೆ ಉಕ್ಕುವ ಮಟ್ಟವನ್ನು ನಿರ್ಧರಿಸುವುದು ನೀರಿನ ಪ್ರಮಾಣ, ಹೊಳೆ ಕಿರಿದಾಗುವ ಜಾಗ, ಸೇತುವೆಗಳ ಅಡ್ಡ, ನೀರು ಹರಡಿಕೊಳ್ಳಲು ಬಿಟ್ಟ ಬಯಲು. ಕುಶಾಲನಗರದಲ್ಲಿ 2018, 2019ರಲ್ಲಿ ಸಾಯಿ ಬಡಾವಣೆ, ಕುವೆಂಪು ಬಡಾವಣೆ ಕಡೆ ನೀರು ನುಗ್ಗಿತು. ಹೊಳೆಬದಿಯ ತಗ್ಗು ಜಾಗ ಅದು. ಹೊಳೆ ತುಂಬಿದಾಗ ಹರಡಿಕೊಳ್ಳುವುದು ಅಂಥ ಕಡೆಯೇ. ಅಲ್ಲಿ ಎಲ್ಲೋ ಒಂದು ಕಡೆ ಮರಳು ಎತ್ತಿದರೆ ನೀರಿನ ಮಟ್ಟ ಇಳಿಯುವುದಿಲ್ಲ.

ಹೂಳೆತ್ತುವುದು ಬೇರೆ ಕೆಲಸ, ಅದನ್ನು ಇದರ ಜೊತೆ ಸೇರಿಸಬೇಡಿ. ಸೇತುವೆಯ ಕಣ್ಣು ಕಟ್ಟಿಕೊಂಡಿದ್ದರೆ, ಹೊಳೆ ಮಧ್ಯೆ ದಿಬ್ಬ ಬೆಳೆದು ಪೊದೆ ಹಬ್ಬಿ ನೀರನ್ನು ದಡಕ್ಕೆ ತಳ್ಳುತ್ತಿದ್ದರೆ, ಅಳತೆ ಮಾಡಿ, ನಕ್ಷೆ ಹಾಕಿ, ಉದ್ದಕ್ಕೂ ಸಮನಾಗಿ ತೆಗೆದರೆ ಪ್ರಯೋಜನ ಇದೆ. ಅಲ್ಲಿ ತೆಗೆಯಬೇಕಾದ್ದು ಹೆಚ್ಚಾಗಿ ಕೆಸರು, ಮರದ ದಿಮ್ಮಿ, ಬಿದಿರು ಮೆಳೆ. ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಮರಳಿನವರು ತೋಡುವುದು ಒಳ್ಳೆಯ ಮರಳು ಇರುವ ಕಡೆ, ಗಾಡಿ ಇಳಿಯುವ ಕಡೆ. ಪ್ರವಾಹಕ್ಕೆ ಅನುಕೂಲ ಆಗುವ ಜಾಗಕ್ಕೂ ಅದಕ್ಕೂ ಸಂಬಂಧ ಇರುವುದಿಲ್ಲ.

ಬಾವಿಯ ಬಗ್ಗೆ. ಹೊಳೆಬದಿಯ ಮರಳು ಮಳೆಗಾಲದಲ್ಲಿ ನೀರು ಹೀರಿಕೊಂಡು ಬೇಸಿಗೆಯಲ್ಲಿ ನಿಧಾನವಾಗಿ ಬಿಟ್ಟುಕೊಡುತ್ತದೆ. ಹೊಳೆಯ ತಳ ಒಂದು ಮೀಟರ್ ಇಳಿದರೆ ಬೇಸಿಗೆಯ ನೀರಿನ ಮಟ್ಟ ಇಳಿಯುತ್ತದೆ, ಅದರ ಜೊತೆ ಪಕ್ಕದ ಬಾವಿಯದೂ ಇಳಿಯುತ್ತದೆ. ಆದರೆ ನಮ್ಮಲ್ಲಿ ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಹೂವಿಗೆಂದು ಹೊಳೆಯಿಂದಲೇ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾರಿಸುತ್ತೇವೆ. ಬೋರ್‌ವೆಲ್‌ಗಳೂ ಜಾಸ್ತಿ ಆಗಿವೆ. ಹಾಗಾಗಿ ಎಲ್ಲವನ್ನೂ ಮರಳಿನ ತಲೆಗೆ ಕಟ್ಟಿದರೆ ನಿಮ್ಮ ದೂರು ಹಗುರ ಆಗುತ್ತದೆ. ಜನವರಿಯಿಂದ ಮೇವರೆಗೆ ವಾರಕ್ಕೊಂದು ದಿನ ಬಾವಿ ನೀರಿನ ಮಟ್ಟ, ಅದೇ ದಿನ ಹೊಳೆ ನೀರಿನ ಮಟ್ಟ, ಎರಡನ್ನೂ ಒಂದೇ ಗುರುತಿನಿಂದ ಅಳೆದು ಬರೆದಿಡಿ. ಎರಡೂ ಒಟ್ಟಿಗೆ ಇಳಿದು ಒಟ್ಟಿಗೆ ನಿಂತರೆ ನಿಮ್ಮ ಬಾವಿ ಹೊಳೆಯನ್ನೇ ನಂಬಿದೆ ಎಂದರ್ಥ.

ಸೇತುವೆಯ ಮಾತು ನನ್ನನ್ನು ಹೆಚ್ಚು ಕಾಡಿತು. ಸೇತುವೆ ಕಟ್ಟುವಾಗ, ದೊಡ್ಡ ಪ್ರವಾಹದಲ್ಲಿ ಕಂಬದ ಸುತ್ತ ತಳ ಎಷ್ಟು ಕೊರೆದು ಹೋಗಬಹುದು ಎಂದು ಲೆಕ್ಕ ಹಾಕಿ, ಅದಕ್ಕಿಂತ ಆಳಕ್ಕೆ ಅಡಿಪಾಯ ಇಳಿಸುತ್ತಾರೆ. ಆ ಲೆಕ್ಕ ಶುರುವಾಗುವುದು ಅಂದಿನ ತಳದ ಮಟ್ಟದಿಂದ. ತಳವೇ ಎರಡು ಮೀಟರ್ ಇಳಿದಿದ್ದರೆ, ಪ್ರವಾಹದ ಕೊರೆತ ಆ ಇಳಿದ ತಳದಿಂದ ಶುರುವಾಗುತ್ತದೆ. ಎಂಜಿನಿಯರ್ ಉಳಿಸಿಟ್ಟಿದ್ದ ಭದ್ರತೆ ಅಲ್ಲಿಗೆ ಮುಗಿಯಿತು.

ಪೋರ್ಚುಗಲ್‌ನಲ್ಲಿ 2001ರ ಮಾರ್ಚ್ 4ರ ರಾತ್ರಿ ಡೌರೊ ನದಿಯ ಹಳೆಯ ಸೇತುವೆಯ ಕಂಬ ಕುಸಿದು, ಬಸ್ಸು ಕಾರುಗಳಲ್ಲಿದ್ದ 59 ಜನ ತೀರಿಹೋದರು. ವರ್ಷಗಟ್ಟಲೆ ಮರಳು ತೆಗೆದು ಕಂಬದ ಬುಡ ಸಡಿಲವಾಗಿದ್ದು ತನಿಖೆಯಲ್ಲಿ ಹೊರಬಿತ್ತು. ನಮ್ಮ ಪಕ್ಕದ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನಲ್ಲಿ 2018ರ ಜೂನ್‌ನಲ್ಲಿ ಫಲ್ಗುಣಿ ನದಿಯ ಮುಲಾರಪಟ್ನ ಸೇತುವೆ ಬಿತ್ತು. ಮರಳುಗಾರಿಕೆಯೇ ಕಾರಣ ಎಂದು ಸುತ್ತಲಿನ ಜನ ದೂರಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಕಾವೇರಿ, ಕಬಿನಿ ಕಡೆಯ ನೀರು ತಮಿಳುನಾಡಿಗೆ ಇಳಿದಾಗ ತಿರುಚ್ಚಿಯ ಹಳೆಯ ಕೊಳ್ಳಿಡಂ ಸೇತುವೆಯ ಕಂಬಗಳು ಬಿದ್ದವು, ಮುಕ್ಕೊಂಬಿನ ಅಣೆಕಟ್ಟೆಯ 9 ಗೇಟುಗಳು ಕೊಚ್ಚಿಹೋದವು. ಅಲ್ಲಿನ ರೈತರೂ ಬೆರಳು ತೋರಿಸಿದ್ದು ಮರಳು ತೋಡಿದ್ದರ ಕಡೆಗೇ. ತಿರುಚ್ಚಿ ಕಡೆಯ ಆ ಎರಡೂ ಕಟ್ಟಡ ಹಳೆಯದಾಗಿತ್ತು, ನೀರೂ ಜಾಸ್ತಿ ಇತ್ತು. ತಳ ಗಟ್ಟಿ ಇದ್ದಿದ್ದರೆ ನಿಲ್ಲುತ್ತಿತ್ತೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ನಿಮ್ಮ ಸೇತುವೆಯ ಅಡಿಪಾಯ ಬಂಡೆಯ ಮೇಲೆ ಕೂತಿದ್ದರೆ ಕಂಬಕ್ಕೆ ಅಷ್ಟು ಭಯ ಇಲ್ಲ. ಆಗ ತೊಂದರೆ ಬರುವುದು ಎರಡೂ ತುದಿಯಲ್ಲಿ, ರಸ್ತೆ ಸೇತುವೆಗೆ ಸೇರುವ ಮಣ್ಣಿನ ಏರಿಯಲ್ಲಿ. ನೀರು ಇಳಿದಾಗ ನೋಡಿ: ಕಂಬದ ಮೇಲೆ ಹಳೆಯ ತಳದ ಗುರುತಿಗೆ ಕೆಳಗೆ ಪಾಚಿ ಹಿಡಿಯದ ಬಿಳಿ ಪಟ್ಟಿ ಇದೆಯಾ, ಸುತ್ತ ಹಾಕಿದ ಕಲ್ಲು ಜಾರಿದೆಯಾ, ತುದಿಯ ಗೋಡೆಯಲ್ಲಿ ಓರೆ ಬಿರುಕು ಬಿಟ್ಟಿದೆಯಾ. ಪ್ರತಿ ವರ್ಷ ಮಾರ್ಚ್‌ನಲ್ಲಿ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ. ರಸ್ತೆ ಲೋಕೋಪಯೋಗಿ ಇಲಾಖೆಯದೋ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದೋ ಕೇಳಿಕೊಂಡು, ಕಾರ್ಯಪಾಲಕ ಎಂಜಿನಿಯರ್‌ಗೆ ಫೋಟೋ ಸಮೇತ ಬರೆಯಿರಿ. ಮರಳಿನ ದೂರಿನ ಜೊತೆ ಇದನ್ನು ಸೇರಿಸಬೇಡಿ, ಬೇರೆ ಕಾಗದದಲ್ಲಿ ಕೊಡಿ. ಸೇತುವೆ ಎಂದರೆ ಫೈಲು ಬೇಗ ಮೇಲೇಳುತ್ತದೆ.

ಇನ್ನು ತಡೆಗೋಡೆ. ದಯವಿಟ್ಟು ಈ ವರ್ಷ ಕಟ್ಟಿಸಬೇಡಿ. ತಳ ಇನ್ನೂ ಇಳಿಯುತ್ತಿರುವಾಗ ಕಟ್ಟಿದ ಗೋಡೆಯ ಬುಡ ಒಂದೆರಡು ಮಳೆಗಾಲದಲ್ಲಿ ಗಾಳಿಯಲ್ಲಿ ನಿಲ್ಲುತ್ತದೆ. ಲಕ್ಷಗಟ್ಟಲೆ ಸುರಿದ ಗೋಡೆ ಇಡಿಯಾಗಿ ಹೊಳೆಗೆ ಮಗುಚಿದ್ದನ್ನು ಕಂಡಿದ್ದೇನೆ. ಗೋಡೆ ನಿಂತರೂ ಅದಕ್ಕೆ ಬಡಿದ ನೀರು ಎದುರು ದಡದವರ ಕಡೆಗೋ, ಗೋಡೆ ಮುಗಿಯುವ ತುದಿಗೋ ತಿರುಗುತ್ತದೆ. ಕಟ್ಟಲೇಬೇಕು ಎಂದರೆ ತಂತಿ ಬಲೆಯಲ್ಲಿ ಕಲ್ಲು ತುಂಬಿದ ಗೇಬಿಯನ್ ಒಳ್ಳೆಯದು. ಅದು ಸ್ವಲ್ಪ ಬಾಗುತ್ತದೆ, ನೀರನ್ನು ಒಳಗಿಂದ ಹೊರಗೆ ಬಿಡುತ್ತದೆ. ಬುಡದಲ್ಲಿ ಹೊಳೆಯ ಕಡೆಗೆ ಕಲ್ಲಿನ ಹಾಸು ಚಾಚಿರಬೇಕು. ತಳ ಇಳಿದರೆ ಆ ಹಾಸು ಬಾಗಿ ಕೂತು ಬುಡ ಕಾಯುತ್ತದೆ. ನೀರಾವರಿ ಇಲಾಖೆಯ ಅನುಮತಿ ಇಲ್ಲದೆ ಹೊಳೆಯೊಳಗೆ ಏನೂ ಇಳಿಸಬೇಡಿ.

ಅದಕ್ಕಿಂತ ಮುಂಚೆ ಖರ್ಚು ಕಡಿಮೆ ಇರುವ ಕೆಲಸ ಮಾಡಿ. ಚರಂಡಿ ನೀರನ್ನು ಬರೆಯಿಂದ ದೂರ ತಿರುಗಿಸಿ. ನೆಟ್ಟಗೆ ನಿಂತ ಬರೆಯನ್ನು ಮೇಲಿನಿಂದ ಕೊಚ್ಚಿ ಇಳಿಜಾರು ಮಾಡಿ. ಅಂಚಿನ 30 ಅಡಿಯಲ್ಲಿ ಕಾಫಿಯ ಆಸೆ ಬಿಡಿ. ಅಲ್ಲಿ ಬಿದಿರು, ಹೊಳೆಮತ್ತಿ, ಹೊಂಗೆ, ಇಳಿಜಾರಿನಲ್ಲಿ ಲಾವಂಚ ಹಾಕಿ. ಮತ್ತೆ ಒಂದಿಷ್ಟು ಜಾಗ ಬಿಡಬೇಕೇ ಎಂದು ಬೇಸರ ಆಗಬಹುದು. ಆ ಜಾಗ ಹೇಗೂ ಹೋಗುವ ದಾರಿಯಲ್ಲಿದೆ. ಗಿಡ ಬೇರು ಬಿಟ್ಟು ಹಿಡಿತ ಸಿಗಲು ಮೂರು ನಾಲ್ಕು ಮಳೆಗಾಲ ಬೇಕು. ಬೇರಿನ ಕೆಳಗಿನ ಮರಳು ಪದರ ಜಾರುತ್ತಲೇ ಇದ್ದರೆ ಅದೂ ಸೋಲುತ್ತದೆ. ಹಾಗಾಗಿ ಗುಂಡಿ ತೋಡುವುದು ನಿಲ್ಲದೆ ಯಾವ ದಾರಿಯೂ ಪೂರ್ತಿ ಅಲ್ಲ.

ದೂರಿನ ವಿಷಯ. ಮೊದಲು ಅಲ್ಲಿ ಗುತ್ತಿಗೆ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಮಡಿಕೇರಿಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಆ ಭಾಗದ ಗುತ್ತಿಗೆ ವಿವರ ಮತ್ತು ಜಿಲ್ಲಾ ಸಮೀಕ್ಷಾ ವರದಿ (ಜಿಲ್ಲೆಯಲ್ಲಿ ಎಲ್ಲಿ ಎಷ್ಟು ಮರಳು ಇದೆ ಎಂಬ ವರದಿ) ಕೇಳಿ. ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿದ ಮೇಲೆ 5 ಹೆಕ್ಟೇರಿಗಿಂತ ಚಿಕ್ಕ ಜಾಗಕ್ಕೂ ಪರಿಸರ ಅನುಮತಿ ಬೇಕು. ಕೇಂದ್ರದ 2016 ಮತ್ತು 2020ರ ಮಾರ್ಗಸೂಚಿಗಳು ಇನ್ನೂ ಸ್ಪಷ್ಟ. ಆಳ 3 ಮೀಟರ್ ಅಥವಾ ನೀರಿನ ಮಟ್ಟ, ಯಾವುದು ಕಡಿಮೆಯೋ ಅಷ್ಟು ಮಾತ್ರ. ದಡದಿಂದ ಹೊಳೆಯ ಅಗಲದ ಕಾಲು ಭಾಗ ಬಿಡಬೇಕು, ಅದು 7.5 ಮೀಟರ್‌ಗಿಂತ ಕಡಿಮೆ ಇರಬಾರದು. ಸೇತುವೆಯ ಮೇಲ್ಗಡೆ ಕನಿಷ್ಠ 250 ಮೀಟರ್, ಕೆಳಗಡೆ 500 ಮೀಟರ್ ಮುಟ್ಟುವಂತಿಲ್ಲ, ದೊಡ್ಡ ಸೇತುವೆಗೆ ಇದು ಇನ್ನೂ ಜಾಸ್ತಿ. ಮಳೆಗಾಲದಲ್ಲಿ ಇಲ್ಲ, ರಾತ್ರಿ ಇಲ್ಲ. ಈಗ 60 ಮೀಟರ್ ಅಗಲದ ಹೊಳೆಗೆ ಇದನ್ನು ಹಾಕಿ ನೋಡಿ. ಎರಡೂ ಕಡೆ 15 ಮೀಟರ್ ಬಿಟ್ಟರೆ ಉಳಿಯುವುದು ನಡುವಿನ 30 ಮೀಟರ್. ಅಲ್ಲಿ ಬೇಸಿಗೆಯಲ್ಲೂ ನೀರು ಇರುತ್ತದೆ. ಕೊಡಗಿನ ಕಿರಿದಾದ ಹೊಳೆಗಳಲ್ಲಿ ನಿಯಮ ಪಾಲಿಸಿ ತೆಗೆಯಬಹುದಾದ ಮರಳು ಬಹಳ ಕಡಿಮೆ ಎನ್ನುವುದು ನನ್ನ ಖಚಿತ ಅಭಿಪ್ರಾಯ. ತೆಪ್ಪ ಇಳಿಸಿ, ಮುಳುಗಿ, ನೀರಿನಡಿಯಿಂದ ಎತ್ತುವುದಂತೂ ಈ ಚೌಕಟ್ಟಿಗೆ ಸೇರುವುದೇ ಇಲ್ಲ. ಹಾಗೆ ಮುಳುಗುವವರು ಹೊರಗಿನಿಂದ ಬಂದ ಕೂಲಿಯವರು. ಅವರ ಜೀವಕ್ಕೆ ಯಾವ ಭದ್ರತೆಯೂ ಇಲ್ಲ. ಅವರು ಬಿಟ್ಟುಹೋದ ಗುಂಡಿ ಮೇಲಿನಿಂದ ಕಾಣುವುದಿಲ್ಲ, ಬೇಸಿಗೆಯಲ್ಲಿ ಸ್ನಾನಕ್ಕೆ ಇಳಿದ ಮಕ್ಕಳು ಅದರಲ್ಲಿ ಸಿಕ್ಕಿಕೊಳ್ಳುತ್ತಾರೆ.

ದೂರನ್ನು ಒಬ್ಬರೇ ಕೊಡಬೇಡಿ. ಮೇಲ್ಗಡೆ ಕೆಳಗಡೆಯ ತೋಟದವರು ಸೇರಿ ಗ್ರಾಮಸಭೆಯಲ್ಲಿ ವಿಷಯ ಇಡಿ, ನಡಾವಳಿಯಲ್ಲಿ ಬರೆಸಿ. ಆ ಪ್ರತಿ ಸೇರಿಸಿ ಜಿಲ್ಲಾಧಿಕಾರಿಗೆ ಕೊಡಿ. ಜಿಲ್ಲಾ ಮರಳು ಸಮಿತಿಯ ಅಧ್ಯಕ್ಷರು ಅವರೇ. ಗಣಿ ಇಲಾಖೆಗೆ, ತಹಶೀಲ್ದಾರರಿಗೆ, ಪೊಲೀಸ್ ಠಾಣೆಗೂ ಪ್ರತಿ ಕೊಡಿ. "ಇದು ಗಣಿ ಇಲಾಖೆಯ ವಿಷಯ, ನಮ್ಮದಲ್ಲ" ಎಂದು ಠಾಣೆಯಲ್ಲಿ ಹೇಳಬಹುದು. ಗಣಿ ಕಾಯ್ದೆಯಡಿ ಕೋರ್ಟಿಗೆ ಹೋಗಲು ಅಧಿಕೃತ ಅಧಿಕಾರಿಯ ದೂರೇ ಬೇಕು ಎನ್ನುವುದು ನಿಜ. ಆದರೆ ಸರ್ಕಾರದ ಮರಳು ಕದ್ದರೆ ಅದು ಕಳ್ಳತನವೂ ಹೌದು, ಪೊಲೀಸರು ಅದಕ್ಕೆ ಪ್ರತ್ಯೇಕ ಕೇಸು ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಎಲ್ಲೂ ಆಗದಿದ್ದರೆ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಇದೆ.

ಅಪಾಯವನ್ನೂ ಹೇಳಬೇಕು. ರಾತ್ರಿ ಗಾಡಿ ತಡೆಯಲು ಹೋಗಬೇಡಿ. ಹಿಂಬಾಲಿಸಬೇಡಿ. ಹೊಳೆ ಬದಿಗೆ ಟಾರ್ಚು ಹಿಡಿದು ಇಳಿಯಬೇಡಿ. ಸದ್ದು ಕೇಳಿದರೆ ಮನೆಯೊಳಗಿಂದಲೇ 112ಕ್ಕೆ ಕರೆ ಮಾಡಿ, ಹೊತ್ತು ಬರೆದಿಡಿ. ಹಗಲಿನಲ್ಲಿ ನಿಮ್ಮ ಜಾಗದಲ್ಲೇ ನಿಂತು ತೆಗೆದ ಫೋಟೋ, ಗೂಟದ ಅಳತೆ, ಬಾವಿಯ ಅಳತೆ ಇಷ್ಟು ಸಾಕು. ತಾರೀಖು ಹಾಕಿದ ಒಂದು ವರ್ಷದ ಅಳತೆ ಇಟ್ಟರೆ ಯಾವ ಅಧಿಕಾರಿಯೂ ಸುಮ್ನೆ ತಳ್ಳಿಹಾಕಲಾರರು.

ಎಂ-ಸ್ಯಾಂಡ್ ಬಗ್ಗೆ ಚುಟುಕಾಗಿ: ನಂಬಬಹುದು. ಐ.ಎಸ್. 383 ಮಾನಕದ 2016ರ ಪರಿಷ್ಕರಣೆಯಲ್ಲಿ ಅದಕ್ಕೆ ಒಪ್ಪಿಗೆ ಇದೆ. ಕಾಂಕ್ರೀಟಿಗೆ ಎಂ-ಸ್ಯಾಂಡ್, ಗಾರೆಗೆ ಅದಕ್ಕಿಂತ ನುಣುಪಾದ ಪಿ-ಸ್ಯಾಂಡ್. ಕ್ರಷರ್‌ನ ಡಸ್ಟನ್ನೇ ಎಂ-ಸ್ಯಾಂಡ್ ಎಂದು ಮಾರುವವರಿದ್ದಾರೆ, ಆದ್ದರಿಂದ ತೊಳೆದ ಮಾಲಿನ ಪರೀಕ್ಷಾ ವರದಿ ಕೇಳಿ ತೆಗೆದುಕೊಳ್ಳಿ. ಅದೂ ಎಲ್ಲೋ ಒಂದು ಗುಡ್ಡ ಒಡೆದೇ ಬರುವುದು, ಹಾಗಾಗಿ ಬೇಕಾದಷ್ಟೇ ತರಿಸಿ.

ಕೊನೆಗೆ ಪಕ್ಕದ ಮನೆಯ ಹುಡುಗ. ಅವನಿಗೆ ಸಿಗುವುದು ರಾತ್ರಿಯ ಡ್ರೈವರ್ ಕೂಲಿ. ಲೋಡಿನ ದುಡ್ಡು ಹೋಗುವುದು ಬೇರೆಯವರಿಗೆ. ಸಿಕ್ಕಿಬಿದ್ದರೆ ಗಾಡಿ ಜಪ್ತಿ, ಕೇಸು ಅವನ ಮೇಲೆ. ಗಣಿ ಕಾಯ್ದೆಯಲ್ಲಿ ಐದು ವರ್ಷದವರೆಗೆ ಜೈಲು ಇದೆ. ದೂರು ಕೊಡುವ ಮೊದಲು ಅವರ ಮನೆಗೆ ಹೋಗಿ, ಅವನ ತಂದೆ ತಾಯಿ ಎದುರಲ್ಲೇ ಇದನ್ನು ಹೇಳಿ. ನಿಮ್ಮ ಬರೆ ತೋರಿಸಿ. ಅವರ ಜಾಗವೂ ಅದೇ ಹೊಳೆಯ ಬದಿಯಲ್ಲಿ ಇದೆಯಲ್ಲ. ಊರಿನಲ್ಲಿ ನಿಜವಾಗಿ ಮನೆ ಕಟ್ಟುವವರಿಗೆ ಮರಳು ಬೇಕಿದ್ದರೆ, ರಾಜ್ಯದ 2020ರ ಮರಳು ನೀತಿಯಲ್ಲಿ ಸಣ್ಣ ಹಳ್ಳಗಳ ಮರಳನ್ನು ಗ್ರಾಮ ಪಂಚಾಯಿತಿ ಮೂಲಕ ಸ್ಥಳೀಯ ಬಳಕೆಗೆ ಕೊಡುವ ದಾರಿ ಇದೆ. ಅದನ್ನೂ ಅದೇ ಗ್ರಾಮಸಭೆಯಲ್ಲಿ ಕೇಳಿ. ದೂರಿನಲ್ಲಿ ಡ್ರೈವರ್ ಹೆಸರು ಬರೆಯಬೇಕಿಲ್ಲ. ಜಾಗ, ಹೊತ್ತು, ಗಾಡಿ ಇಳಿಯುವ ದಾರಿ ಬರೆಯಿರಿ. ಆ ದಾರಿಗೆ ಅಡ್ಡಲಾಗಿ ಆಳವಾದ ಕಂದಕ ತೆಗೆಸಲು ತಹಶೀಲ್ದಾರರನ್ನು ಕೇಳಿ. ಗಾಡಿ ಹೊಳೆಗೆ ಇಳಿಯದಿದ್ದರೆ ಅರ್ಧ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಬಂಡೆ ಸಾಲು ಇದೆಯೋ ಇಲ್ಲವೋ ನೋಡಿದ ಮೇಲೆ, ಗೂಟದ ಅಳತೆಯ ಜೊತೆ ನನಗೆ ಇನ್ನೊಮ್ಮೆ ಬರೆಯಿರಿ. ಗೇಬಿಯನ್ ಬೇಕೋ ಬೇಡವೋ ಆಗ ಹೇಳುತ್ತೇನೆ.